ಮೇಲಿನ ಹಲಗೆ ಯಾಕೆ ಸೊಟ್ಟ?

"ಈ ಹಲಗೆ ಸೊಟ್ಟಗಿದೆ."

ಆ ಕೋಣೆಗೆ ಕಾಲಿಟ್ಟವಳೇ ಅವಳು ಆಡಿದ ಮೊದಲ ಮಾತು ಅದು.

ಮಕ್ಕಳ ಗ್ರಂಥಾಲಯದ ಒಳಾಂಗಣ. ಅವಳೊಬ್ಬಳೇ ಹೊತ್ತುಕೊಂಡ ಮೊದಲ ಪ್ರಾಜೆಕ್ಟ್. ಬೀಗದ ಕೈ ಕೊಡುವಾಗ ಕಚೇರಿಯ ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಇದು ಸರಿಯಾದರೆ ಮುಂದಿನದೂ ಅವಳಿಗೇ, ಕೆಟ್ಟರೆ ಮತ್ತೆ ಇನ್ನೊಬ್ಬರ ಕೈಕೆಳಗೆ.

ಏಣಿಯ ಮೇಲಿದ್ದ ಬಡಗಿ ತಿರುಗಿ ನೋಡಿದ. ಕಿವಿಗೆ ಸಿಕ್ಕಿಸಿದ ಪೆನ್ಸಿಲ್, ರೆಪ್ಪೆಯ ಮೇಲೆ ಮರದ ಪುಡಿ. ಅವಳು ಮಟ್ಟ ನೋಡುವ ತನ್ನ ಹೊಚ್ಚ ಹೊಸ ರಸಮಟ್ಟವನ್ನು ಪುಸ್ತಕ ಇಡುವ ಹಲಗೆಯ ಮೇಲಿಟ್ಟು ತೋರಿಸಿದಳು. ಗಾಜಿನೊಳಗಿನ ಗುಳ್ಳೆ ಕೂದಲೆಳೆಯಷ್ಟು ಎಡಕ್ಕೆ ಸರಿದಿತ್ತು.

ಅವನು ಜಗಳಕ್ಕೆ ಬರಲಿಲ್ಲ. ಗುಳ್ಳೆಯನ್ನು ಬಿಟ್ಟು ಅವಳನ್ನೇ ನೋಡಿ ನಕ್ಕ.

ಅಂದಿನಿಂದ ದಿನಕ್ಕೊಂದು ಹಲಗೆ ಸೊಟ್ಟ! ಅವಳು ಬೈಯುವುದು, ಅವನು ನಗುತ್ತಾ ಸರಿಮಾಡುವುದು. ಬೈಯುವ ಆ ಗಳಿಗೆಗಾಗಿಯೇ ತಾನು ಬೆಳಗಾಗುವುದನ್ನು ಕಾಯುತ್ತಿದ್ದೇನೆ ಎನ್ನುವುದು ಮಾತ್ರ ಪಾಪ, ಅವಳಿಗೆ ಹೊಳೆದಿರಲಿಲ್ಲ.

ಹೊಳೆದದ್ದು ಗಿಣಿ ಬಂದ ಮೇಲೆ.

ಗಿಣಿ ಎಂದರೆ ಗೋಡೆಗೆ ಬಣ್ಣ ಬಳಿಯುವವಳು. ಬಾಯಿಗೆ ಬಿಡುವೇ ಇಲ್ಲದ್ದರಿಂದ ಎಲ್ಲರೂ ಇಟ್ಟ ಹೆಸರು. ಬಣ್ಣದ ಡಬ್ಬಿಯ ಮೇಲೆ ಕೂತು ಅವನ ಜೊತೆ ಪಿಸುಗುಟ್ಟುವಳು, ಹೊಟ್ಟೆ ಹಿಡಿದು ನಗುವಳು. ಇವಳು ಒಳಗೆ ಬಂದರೆ ಇಬ್ಬರೂ ಗಪ್‌ಚುಪ್.

ಏನಿರಬಹುದು ಅಂಥಾ ಮಾತು... ನನಗೆ ಕೇಳಿಸಬಾರದ್ದು?

ಮನೆಯಲ್ಲಿ ಊಟಕ್ಕೆ ಕೂತಾಗ ಗಿಣಿಯ ಮೇಲಿನ ದೂರುಗಳೆಲ್ಲ ಹೊರಬಂದವು. ಅಕ್ಕ ಎಲ್ಲ ಕೇಳಿಸಿಕೊಂಡು ತಣ್ಣಗೆ ಕೇಳಿದಳು, "ಬರೀ ಅವಳದ್ದೇ ಹೇಳ್ತಿದ್ದೀಯಲ್ಲೇ, ಆ ಬಡಗಿ ಹೇಗಿದ್ದಾನೆ?"

ಅವಳು ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದಳು.

ಮರುದಿನವೇ ಅವಳು ಕೆಲಸದ ಹೊತ್ತು ಬದಲಾಯಿಸಿದಳು. ಗಿಣಿ ಬೆಳಿಗ್ಗೆ, ಅವನು ಮಧ್ಯಾಹ್ನ. ಕೋಣೆ ಚಿಕ್ಕದು, ಗದ್ದಲ ಬೇಡ ಎಂಬ ನೆಪ. ಇನ್ನು ನಗಲಿ ನೋಡೋಣ!

ಅವನು ಮಾತ್ರ ಒಪ್ಪಲಿಲ್ಲ. "ನಾನು ಬೆಳಿಗ್ಗೆನೇ ಬರ್ತೀನಿ ಮೇಡಂ, ಗಿಣಿ ಮಧ್ಯಾಹ್ನ ಬರಲಿ. ಮಧ್ಯಾಹ್ನ ಗರಗಸ ಹಾಕಿದ್ರೆ ಬಣ್ಣ ಇನ್ನೂ ಹಸಿ ಇರುತ್ತೆ."

ಅವಳ ಕಿವಿಗೆ ಬಿದ್ದದ್ದು 'ಬೆಳಿಗ್ಗೆನೇ' ಎಂಬುದೊಂದೇ. ಮೈಯೆಲ್ಲ ಉರಿದುಹೋಯಿತು.

"ಬೆಳಿಗ್ಗೆ ಯಾಕೆ ಬೇಕು ಅಂತ ನನಗೆ ಗೊತ್ತು. ಹೇಳಿದಷ್ಟು ಮಾಡಿ."

ಅವನ ಮುಖ ಸಪ್ಪಗಾಯಿತು. ಅಂದು ಮಧ್ಯಾಹ್ನವೇ ಬಂದು ಗರಗಸ ಎತ್ತಿಕೊಂಡ.

ಮಕ್ಕಳ ಕೈಗುರುತು ಒರೆಸಿದರೆ ಹೋಗಲೆಂದು ಗೋಡೆಗೆ ಬಳಿಸಿದ್ದು ಎಣ್ಣೆ ಬಣ್ಣ. ಅದು ಬೇಗ ಒಣಗುವುದಿಲ್ಲ. ಹಾರಿದ ಮರದ ಪುಡಿಯೆಲ್ಲ ಅದಕ್ಕೇ ಅಂಟಿತು. ಮರುದಿನ ಬೆಳಿಗ್ಗೆ ಕೆಲಸ ನೋಡಲು ಮೇಡಂ ಬರುತ್ತಾರೆಂದು ಎಲ್ಲರೂ ಸೇರಿದ್ದರು. ಗೋಡೆ ಮುಟ್ಟಿದ ಮೇಡಂ ಕೈ ಹಿಂದಕ್ಕೆಳೆದುಕೊಂಡರು. ಉಪ್ಪುಕಾಗದದಷ್ಟು ಒರಟು.

"ಯಾರ ಕೆಲಸ ಇದು?"

"ನನ್ನದೇ ತಪ್ಪು," ಎಂದ ಅವನು.

ನಾನು ಅಷ್ಟು ಕಟುವಾಗಿ ಮಾತಾಡಿದರೂ... ನನ್ನನ್ನು ಉಳಿಸುತ್ತಿದ್ದಾನಾ? ಅವಳ ಕಣ್ಣು ತುಂಬಿತು. ಸುಮ್ಮನಿದ್ದರೆ ಪ್ರಾಜೆಕ್ಟ್ ಉಳಿಯುತ್ತಿತ್ತು.

"ಅಲ್ಲ ಮೇಡಂ. ಇವರು ಬೇಡ ಅಂದ್ರು, ನಾನೇ ಹಟ ಮಾಡಿದೆ."

ಮೇಡಂ ಅವಳನ್ನು ದಿಟ್ಟಿಸಿ ನೋಡಿದರು. ಗ್ರಂಥಾಲಯ ತೆರೆದು ಮಕ್ಕಳು ಬರುವ ದಿನ ಮುಂದೆ ಹೋಗುವುದಿಲ್ಲ, ಅಷ್ಟರೊಳಗೆ ಗೋಡೆ ಹೊಸದಾಗಬೇಕು ಎಂದು ಹೊರಟುಹೋದರು. ಮುಂದಿನ ಪ್ರಾಜೆಕ್ಟಿನ ಮಾತೇ ಎತ್ತಲಿಲ್ಲ.

ಅವಳೂ ಗಿಣಿಯ ಪಕ್ಕ ಕೂತು ಗೋಡೆ ಉಜ್ಜತೊಡಗಿದಳು. ಉಜ್ಜುತ್ತಲೇ ಗಿಣಿ ಬಾಯಿಬಿಟ್ಟಳು. "ಎಲ್ಲ ಹಲಗೆ ಸರಿಯಾಗಿ ಕೂರಿಸಿ, ಮನೆಗೆ ಹೋಗೋ ಮುಂಚೆ ಬೇಕಂತಲೇ ಒಂದನ್ನ ಸೊಟ್ಟ ಮಾಡ್ತಾನೆ. ನೀವು ಬಂದು ಬೈಯ್ಲಿ ಅಂತ. ಹುಚ್ಚಪ್ಪ! ಅದಕ್ಕೇ ನಾನು ನಗೋದು."

ಅವಳ ಕೈ ನಿಂತುಹೋಯಿತು. ನನ್ನ ಬಗ್ಗೆಯೇ ಆಗಿತ್ತಾ ಆ ನಗು...?

ಮಕ್ಕಳು ಬರುವ ದಿನ, ಬಾಗಿಲು ತೆರೆಯುವ ಮುಂಚೆ ಅವಳು ಒಬ್ಬಳೇ ಬಂದು ಮೇಲಿನ ಹಲಗೆಗೆ ರಸಮಟ್ಟ ಇಟ್ಟಳು. ಗುಳ್ಳೆ ನಟ್ಟನಡುವೆ ನಿಂತಿತ್ತು. ಹಾಗಾದರೆ ಇನ್ನು ನಾನು ಬರುವುದು ಅವನಿಗೆ ಬೇಡ.

"ಸರಿಯಾಗಿದೆಯಾ?" ಬಾಗಿಲಲ್ಲಿ ಅವನು.

"ಸರಿಯಾಗಿದೆ," ಎಂದಳು. "ಇವತ್ತು ಯಾಕೆ ಸೊಟ್ಟ ಮಾಡಿಲ್ಲ?"

ಅವನು ಕಿವಿಯ ಪೆನ್ಸಿಲ್ ತೆಗೆದು ಮತ್ತೆ ಸಿಕ್ಕಿಸಿಕೊಂಡ. "ಗಿಣಿ ಹೇಳಿಬಿಟ್ಟಳಾ... ಇದು ನಿಮ್ಮ ಮೊದಲ ಕೆಲಸ. ನನ್ನಿಂದ ಕೆಡೋದು ಬೇಡ ಅನ್ನಿಸ್ತು."

"ಕೆಡಿಸಿದ್ದು ನಾನು. ನೀವು ಅವಳ ಜೊತೆ ನಗೋದು ನೋಡೋಕಾಗದೆ ಹೊತ್ತು ಬದಲಾಯಿಸಿದೆ. ಹೊಟ್ಟೆಕಿಚ್ಚು, ಅಷ್ಟೇ."

ಅವನ ಮುಖದಲ್ಲಿ ನಗು ನಿಧಾನವಾಗಿ ಅರಳಿತು. ಹೊರಗೆ ಮಕ್ಕಳ ಗಲಾಟೆ ಆಗಲೇ ಮೆಟ್ಟಿಲೇರಿತ್ತು.

"ಇಲ್ಲಿನ ಕೆಲಸ ಮುಗೀತು. ನಾಳೆ ನಿಮ್ಮನ್ನ ಕರೆಸೋಕೆ ನನ್ನ ಹತ್ರ ಹಲಗೆನೂ ಇಲ್ಲ," ಎಂದ.

ಅವಳು ರಸಮಟ್ಟವನ್ನು ಅವನ ಕೈಗಿಟ್ಟಳು.

"ಸುಮ್ಮನೆ ಕರೀರಿ. ಬರ್ತೀನಿ."