ಟೋಸ್ಟ್‌ಗೆ ಒಂದು ಇಕ್ಕಳ

ಈ ಕತೆ ಹೇಳಲು ನನಗೆ ಸ್ವಲ್ಪ ಅಳುಕು. ಇದು ಹಾವು ಸಾಕಿದವರ ಮನೆಯ ಮಾತು. ನಾನು ಹಾವು ಸಾಕಿದವಳಲ್ಲ, ಅವರ ಪಕ್ಕದ ಬೀದಿಯವಳು, ಅಷ್ಟೆ. ಆ ಮನೆಯ ಹುಡುಗಿ ಮಾರ್ನಿಯೇ ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಆದರೆ ಅವಳು ಈ ಮಾತನ್ನು ಹೆಚ್ಚಾಗಿ ಎತ್ತುವುದಿಲ್ಲ. ಎಲ್ಲಾದರೂ ತಪ್ಪಿದರೆ, ತಿಳಿದವರು ಮನ್ನಿಸಬೇಕು.

"ಅಪ್ಪಾ, ಕೈ ಅಲ್ಲಾಡಿಸ್ಬೇಡ!"

"ನಾನೆಲ್ಲಿ ಅಲ್ಲಾಡಿಸ್ತಿದೀನಿ? ಅದೇ ಅಲ್ಲಾಡ್ತಿದೆ."

ಮಾರ್ನಿಯ ಅಪ್ಪ ಎರಡೂ ಕೈಗೆ ಓವನ್ ಗ್ಲೌಸ್ ಹಾಕಿಕೊಂಡಿದ್ದ. ಒಂದರ ಮೇಲೆ ಕ್ರಿಸ್‌ಮಸ್ ಮರದ ಚಿತ್ರ, ಇನ್ನೊಂದರ ಮೇಲೆ ಕೋಳಿಯ ಚಿತ್ರ. ಕೈಯಲ್ಲಿ ದೊಡ್ಡ ಸ್ಟೀಲ್ ಇಕ್ಕಳ. ಬೇಸಿಗೆಯಲ್ಲಿ ಹಿತ್ತಲಲ್ಲಿ ಕೆಂಡದ ಮೇಲೆ ಮಾಂಸ ತಿರುವಿಹಾಕುವ ಇಕ್ಕಳ ಅದು. ಅದರ ತುದಿಯಲ್ಲಿ, ಫ್ರೀಜರಿನಿಂದ ತೆಗೆದು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದ ಸತ್ತ ಇಲಿ ನೇತಾಡುತ್ತಿತ್ತು.

ಗಾಜಿನ ಪೆಟ್ಟಿಗೆಯೊಳಗೆ ಟೋಸ್ಟ್ ಸುರುಳಿ ಸುತ್ತಿಕೊಂಡಿತ್ತು. ಟೋಸ್ಟ್ ಎಂದರೆ ಸಣ್ಣ ಜಾತಿಯ ಒಂದು ಹೆಬ್ಬಾವು. ನೀಟಾಗಿ ಚಾಚಿ ಮಲಗಿದರೂ ಮಾರ್ನಿಯಷ್ಟು ಉದ್ದವಿಲ್ಲ. ವಿಷವೂ ಇಲ್ಲ. ಮೈತುಂಬ ಸೀದ ಬ್ರೆಡ್ಡಿನಂಥ ಕಂದು ಕಲೆಗಳು. ಅದಕ್ಕೇ ಅಮ್ಮ ಆ ಹೆಸರಿಟ್ಟಿದ್ದಳು.

ಇಲಿ ಹತ್ತಿರ ಬಂತು. ಟೋಸ್ಟ್ ಒಮ್ಮೆ ನಾಲಗೆ ಚಾಚಿತು. ಆಮೇಲೆ ಮೆಲ್ಲಗೆ ಮುಖ ಆಚೆ ತಿರುಗಿಸಿಕೊಂಡಿತು.

ಅಪ್ಪ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಮತ್ತೆ ಇಲಿಯನ್ನು ಅದರ ಮುಖದ ಕಡೆಗೇ ತಂದ. ಟೋಸ್ಟ್ ತಲೆಯನ್ನು ಸುರುಳಿಯೊಳಗೆ ಹುದುಗಿಸಿಕೊಂಡಿತು.

"ಸಾಕು," ಎಂದ ಅಪ್ಪ. ಇಕ್ಕಳ ಸಿಂಕಿಗೆ ಬಿದ್ದು ಠಣ್ ಎಂದಿತು. "ನನ್ ಕೈಲಿ ಆಗಲ್ಲ ಮಾರ್ನಿ. ಮಿಸ್ ಬರ್ನಿ ಹತ್ರ ಇಂಥ ಹಾವು ನಲವತ್ತಿದಾವೆ. ನಲವತ್ತೊಂದನೇದು ಅವರಿಗೆ ಭಾರ ಅಲ್ಲ."

"ಟೋಸ್ಟ್‌ನ ಕೊಟ್ಬಿಡ್ತೀಯಾ?"

"ಭಾನುವಾರದವರೆಗೆ ನೋಡೋಣ. ಆಗ್ಲೂ ತಿನ್ನಲಿಲ್ಲ ಅಂದ್ರೆ ಕೊಡೋದೇ."

"ಅವನು ಅಮ್ಮನ ಇಕ್ಕಳದಲ್ಲಿ ಮಾತ್ರ ತಿನ್ನೋದು! ನೀನೇ ಅದನ್ನ ಹಾಳು ಮಾಡಿದ್ದು!"

ಅಪ್ಪ ಗ್ಲೌಸ್ ಬಿಚ್ಚಿ ಮೊಳೆಗೆ ನೇತುಹಾಕಿದ.

ಮಾರ್ನಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಮ್ಮನ ಹತ್ತಿರ ಒಂದು ಬಿದಿರಿನ ಇಕ್ಕಳ ಇತ್ತು. ಮೊದಲು ಅದು ಟೋಸ್ಟರಿನಿಂದ ಬ್ರೆಡ್ ತೆಗೆಯುವುದಕ್ಕೆ ಇದ್ದದ್ದು. ಒಂದು ತುದಿ ಸುಟ್ಟು ಕಪ್ಪಾದ ಮೇಲೆ ಅಮ್ಮ ಅದನ್ನು ಹಾವಿಗೇ ಮೀಸಲಿಟ್ಟಳು. ಊಟದ ದಿನ ಆ ಇಕ್ಕಳ ಹಿಡಿದು, "ಬಾರೋ ಸೋಮಾರಿ, ಬಡಿಸಿದೀನಿ," ಎನ್ನುತ್ತಿದ್ದಳು. ಟೋಸ್ಟ್ ಸರಕ್ಕನೆ ನೆಗೆದು ಕಚ್ಚುತ್ತಿತ್ತು.

ಅಮ್ಮನನ್ನು ಮಣ್ಣು ಮಾಡಿ ಬಂದ ವಾರ ಅಪ್ಪ ಮನೆಯನ್ನೆಲ್ಲ ತೊಳೆದ. ಏನು ತೊಳೆಯಬೇಕು, ಏನು ಬಿಡಬೇಕು ಎಂದು ಅವನಿಗೆ ತೋಚಲಿಲ್ಲವೋ ಏನೋ. ಕೈಗೆ ಸಿಕ್ಕಿದ್ದನ್ನೆಲ್ಲ ಡಿಶ್‌ವಾಶರ್‌ಗೆ ತುಂಬಿದ. ಬಿದಿರಿನ ಇಕ್ಕಳವೂ ಅದರೊಳಗೆ ಹೋಯಿತು. ಬಿಸಿನೀರಿಗೆ ಅದರ ಅಂಟು ಬಿಟ್ಟು ಎರಡು ಸೀಳಾಗಿ ಹೊರಬಂತು. ಅದರಲ್ಲಿ ಅಮ್ಮನ ಕೈಯ ವಾಸನೆ ಉಳಿದಿರಲಿಲ್ಲ. ಸೋಪಿನ ನಿಂಬೆವಾಸನೆ ಮಾತ್ರ. ಮಾರ್ನಿ ಆ ಎರಡು ತುಂಡುಗಳನ್ನು ತನ್ನ ಕಾಲುಚೀಲದ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾಳೆ.

ಭಾನುವಾರ ಬೆಳಿಗ್ಗೆ ಅಪ್ಪ ತನ್ನ ಪಿಕಪ್ ಟ್ರಕ್ಕಿನ ಗಾಜಿನ ಮೇಲಿನ ಹಿಮ ಕೆರೆದು, ಹಾರನ್ ಹೊಡೆದ.

"ಎಲ್ಲಿಗೆ?" ಎಂದಳು ಮಾರ್ನಿ, ಬಾಗಿಲಲ್ಲೇ ನಿಂತು.

"ಹಾವಿನವರ ಸಂತೆಗೆ. ಇಕ್ಕಳ ತರೋಣ. ಹತ್ತು ಬಾ, ಕಾಲು ಮರಗಟ್ಟುತ್ತೆ."

ಸಂತೆ ಸೇರುವುದು ಕೌಂಟಿಯ ಜಾತ್ರೆ ಮೈದಾನದ ದೊಡ್ಡ ಹಾಲ್‌ನಲ್ಲಿ; ಬೇಸಿಗೆಯಲ್ಲಿ ಅಲ್ಲಿ ಹಸು, ಕುಂಬಳಕಾಯಿ ಪ್ರದರ್ಶನ ನಡೆಯುತ್ತದೆ. ಚಳಿಗಾಲದಲ್ಲಿ ಹಾವು, ಹಲ್ಲಿ, ಆಮೆ ಸಾಕುವವರು ಸೇರುತ್ತಾರೆ. ಒಳಗೆ ಒದ್ದೆ ಬೂಟು, ಕಾಫಿ, ಮರದ ಹೊಟ್ಟು ಎಲ್ಲ ಬೆರೆತ ವಾಸನೆ. ಪ್ರತಿ ವರ್ಷ ಮಾರ್ನಿ ಅಮ್ಮನ ಕೈ ಹಿಡಿದು ಬರುತ್ತಿದ್ದಳು. ಅಪ್ಪ ಟ್ರಕ್ಕಿನಲ್ಲೇ ಕೂತು ರೇಡಿಯೊ ಕೇಳುತ್ತಿದ್ದ. ಇವತ್ತು ಅವನು ಒಳಗೆ ಬಂದು, ಎರಡೂ ಕಡೆಯ ಮೇಜುಗಳಿಂದ ದೂರ, ನಟ್ಟನಡುವೆ ನಡೆದ.

ಮಿಸ್ ಬರ್ನಿಯವರ ಮೇಜು ಮೂಲೆಯಲ್ಲಿತ್ತು. ಅವರು ಅಮ್ಮನ ಸ್ನೇಹಿತೆ. ಮಾರ್ನಿಯನ್ನು ನೋಡಿ ಎದ್ದು ಬಂದು ಗಟ್ಟಿಯಾಗಿ ತಬ್ಬಿಕೊಂಡರು. ಅವರ ಸ್ವೆಟರಿನ ತೋಳೊಳಗೆ ಒಂದು ಮರಿಹಾವು ಇತ್ತು. ಅದು ಮಧ್ಯೆ ಸಿಕ್ಕಿಕೊಂಡು ಮಿಸುಕಾಡಿತು.

"ಅಯ್ಯೋ, ಇವನನ್ನ ಮರೆತೇಬಿಟ್ಟಿದ್ದೆ," ಎಂದರು ಮಿಸ್ ಬರ್ನಿ. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಟೋಸ್ಟ್ ತಿಂತಿಲ್ಲ," ಎಂದಳು ಮಾರ್ನಿ.

"ತೂಕ ಇಳಿದಿದೆಯಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಹೆದರ್ಬೇಡ. ಚಳಿಗಾಲದಲ್ಲಿ ಇವು ಎಷ್ಟೋ ಸಲ ಮೂತಿ ತಿರುಗಿಸ್ತವೆ. ಯಾವ್ದ್ರಲ್ಲಿ ಕೊಡ್ತಿದೀರಿ?"

ಮಾರ್ನಿ ಅಪ್ಪನ ಕಡೆ ನೋಡಿದಳು. ಅಪ್ಪ ಮೇಲ್ಛಾವಣಿ ನೋಡಿದ. "ಬಾರ್ಬೆಕ್ಯೂ ಇಕ್ಕಳದಲ್ಲಿ," ಎಂದ.

"ವೆಂಡೆಲ್! ಅದು ಹಾವು, ಸಾಸೇಜ್ ಅಲ್ಲ!" ಎಂದರು ಮಿಸ್ ಬರ್ನಿ ಅಪ್ಪನಿಗೆ.

ಮಾರ್ನಿಗೆ ನಗು ಬಂತು. ನಕ್ಕ ಕೂಡಲೆ, ನಗಬಾರದಿತ್ತೇನೋ ಎನ್ನಿಸಿತು.

ಮಿಸ್ ಬರ್ನಿ ಇಕ್ಕಳಗಳನ್ನು ಮೇಜಿನ ಮೇಲೆ ಹರಡಿದರು. ಅಪ್ಪ ಥಟ್ಟನೆ ಎಲ್ಲಕ್ಕಿಂತ ಉದ್ದವಾದ ಸ್ಟೀಲಿನದನ್ನು ಎತ್ತಿಕೊಂಡ.

"ಇದೇ ಕೊಡಿ. ಇವಳ ಕೈ ಆದಷ್ಟು ದೂರ ಇರ್ಲಿ."

"ಅದ್ರಲ್ಲಿ ಚಂದ್ರನಿಗೂ ಊಟ ಹಾಕ್ಬಹುದು," ಎಂದಳು ಮಾರ್ನಿ.

"ತುದಿ ಹೇಗೆ ನಡುಗ್ತಿದೆ ನೋಡು ವೆಂಡೆಲ್," ಎಂದರು ಮಿಸ್ ಬರ್ನಿ. "ಜತೆಗೆ ಬರೀ ಸ್ಟೀಲು. ಹಾವು ಗುರಿ ತಪ್ಪಿ ಅದನ್ನೇ ಕಚ್ಚಿದ್ರೆ ಬಾಯಿಗೆ ಗಾಯ ಆಗುತ್ತೆ. ಒಂದ್ಸಲ ಗಾಯ ಆದ್ರೆ ಇಕ್ಕಳ ಕಂಡ್ರೇ ಹೆದರುತ್ತೆ. ಇಗೋ, ಬಿದಿರಿಂದು ಇದೆ. ಕೋರಾ ಹತ್ರ ಇಂಥದ್ದೇ ಇತ್ತಲ್ವಾ?"

ಕೋರಾ ಅಂದರೆ ಅಮ್ಮ. ಮನೆಯಲ್ಲಿ ಈಗ ಆ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಮಾರ್ನಿ ಬಿದಿರಿನ ಇಕ್ಕಳವನ್ನು ಕೈಗೆ ತೆಗೆದುಕೊಂಡಳು. ಅದೇ ಉದ್ದ, ಅದೇ ನುಣುಪು. ತುದಿ ಮಾತ್ರ ಸುಟ್ಟಿರಲಿಲ್ಲ. ಎರಡು ಸಲ ಅದುಮಿ ನೋಡಿದಳು. ಮೇಜಿನ ಮೇಲೆ ಇಟ್ಟುಬಿಟ್ಟಳು.

"ಬೇಡ."

"ಯಾಕೆ? ಇದೇ ಬೇಕು ಅಂತ ತಾನೆ ನೀನು ಗಲಾಟೆ ಮಾಡಿದ್ದು?" ಎಂದ ಅಪ್ಪ.

"ಅಮ್ಮನ ಇಕ್ಕಳದ ಥರಾನೇ ಇದೆ. ಅದಕ್ಕೇ ಬೇಡ."

ಅಪ್ಪ ಅವಳ ಮುಖ ನೋಡಿದ. ಬಿದಿರಿನದನ್ನು ಪಕ್ಕಕ್ಕೆ ಸರಿಸಿದ.

ಇನ್ನೊಂದು ಇಕ್ಕಳ ಇತ್ತು. ಹೆಚ್ಚು ಉದ್ದವೂ ಇಲ್ಲ, ಗಿಡ್ಡವೂ ಇಲ್ಲ. ಸ್ಟೀಲಿನದೇ, ಆದರೆ ಎರಡು ತುದಿಗೂ ಮೆತ್ತನೆಯ ಹಳದಿ ರಬ್ಬರ್ ಟೋಪಿ. ಅಪ್ಪ ಆ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿದ. ಮತ್ತೆ ಒತ್ತಿದ. ಒತ್ತುತ್ತಲೇ ಇದ್ದ.

"ಆ ಚಮಚದ ಥರ ಇದೆ," ಎಂದ ಮೆಲ್ಲಗೆ.

ಯಾವ ಚಮಚ ಎಂದು ಮಾರ್ನಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಔಷಧಿಯಿಂದಾಗಿ ಅಮ್ಮನ ನಾಲಗೆ ಕೆಟ್ಟುಹೋಗಿತ್ತು. ಸ್ಟೀಲ್ ಚಮಚ ಬಾಯಿಗಿಟ್ಟರೆ, "ತುಕ್ಕು ನೆಕ್ಕಿದ ಹಾಗಾಗುತ್ತೆ," ಎನ್ನುತ್ತಿದ್ದಳು. ಅಪ್ಪ ಪ್ಲಾಸ್ಟಿಕ್ ಚಮಚ ತಂದ. ಐಸ್‌ಕ್ರೀಮಿನ ಮರದ ಚಮಚ ತಂದ. ಕೊನೆಗೆ ಊರೆಲ್ಲ ಹುಡುಕಿ, ಎಳೆಮಕ್ಕಳಿಗೆ ತಿನ್ನಿಸುವ ಮೆತ್ತನೆಯ ಹಳದಿ ಚಮಚ ತಂದ. ಅದರಲ್ಲಿ ಅಮ್ಮ ಸ್ವಲ್ಪ ದಿನ ಸೂಪ್ ಕುಡಿದಳು.

"ಇದನ್ನೇ ಕೊಡಿ," ಎಂದಳು ಮಾರ್ನಿ.

ಮಿಸ್ ಬರ್ನಿ ಇಕ್ಕಳವನ್ನು ಹಳೇ ಪೇಪರಿನಲ್ಲಿ ಸುತ್ತಿದರು. "ಕೇಳು ಮರಿ. ಆಗ್ಲೂ ಮುಖ ತಿರುಗಿಸಿದ್ರೆ, ಬೆನ್ನು ಹತ್ಬೇಡಿ. ಇಲಿನ ಒಂದು ಮುಚ್ಚಳದ ಮೇಲೆ ಇಟ್ಟು, ಪೆಟ್ಟಿಗೆ ಮೇಲೆ ಟವೆಲ್ ಹೊದಿಸಿ, ನೀವು ಆಚೆ ಹೋಗಿ. ಕೆಲವಕ್ಕೆ ಯಾರಾದ್ರೂ ನೋಡ್ತಿದ್ರೆ ಗಂಟಲಲ್ಲಿ ಇಳಿಯಲ್ಲ."

ಮನೆಗೆ ಬಂದಾಗ ಇನ್ನೂ ಐದು ಗಂಟೆ. ಹೊರಗೆ ಆಗಲೇ ಕತ್ತಲಿಳಿಯುತ್ತಿತ್ತು. ಮಾರ್ನಿ ಇಲಿಯನ್ನು ಬಿಸಿನೀರಿನಲ್ಲಿಟ್ಟಳು. ಅಮ್ಮ ಮಾಡುತ್ತಿದ್ದಂತೆ ಹೇರ್ ಡ್ರೈಯರಿನಿಂದ ಒಣಗಿಸಿ ತಲೆಯನ್ನು ಇನ್ನಷ್ಟು ಬೆಚ್ಚಗೆ ಮಾಡಿದಳು. ಹೊಸ ಇಕ್ಕಳದಲ್ಲಿ ಹಿಡಿದಳು. ರಬ್ಬರು ಇಲಿಯನ್ನು ಜಾರದಂತೆ ಹಿಡಿದುಕೊಂಡಿತು. ಅವಳ ಹಿಂದೆ ನಿಂತಿದ್ದ ಅಪ್ಪ ಅವಳ ಸ್ವೆಟ್‌ಶರ್ಟಿನ ಟೋಪಿಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡಿದ್ದ. ಏನಾದರೂ ಆದರೆ ಹಿಂದಕ್ಕೆಳೆಯಲು.

"ಬಾರೋ ಸೋಮಾರಿ," ಎಂದಳು ಮಾರ್ನಿ. "ಬಡಿಸಿ..." 

ಟೋಸ್ಟ್ ತಲೆ ಎತ್ತಿತು. ಕತ್ತು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗಿತು. ನಾಲಗೆ ಒಳಗೆ, ಹೊರಗೆ, ಒಳಗೆ, ಹೊರಗೆ. ಅಪ್ಪ ಅವಳ ಟೋಪಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಟೋಸ್ಟ್ ಮುಖ ತಿರುಗಿಸಿಕೊಂಡಿತು.

ಟೋಪಿ ಹಿಡಿದಿದ್ದ ಬೆರಳು ಸಡಿಲವಾಯಿತು. ಮಾರ್ನಿ ತಿರುಗಿ ನೋಡಿದಳು. ಕೊಟ್ಟುಬಿಡೋಣ ಎನ್ನುತ್ತಾನೆ, ಈಗ ಜಗಳವಾಡಬೇಕು ಎಂದು ಬಾಯಿ ತೆರೆದಿದ್ದಳು.

ಅಪ್ಪನಿಗೆ ಸಿಟ್ಟು ಬಂದಿರಲಿಲ್ಲ. ಆ ಮುಖವನ್ನು ಅವಳು ಮೊದಲೂ ಒಮ್ಮೆ ನೋಡಿದ್ದಳು. ಆಸ್ಪತ್ರೆಯ ಕೋಣೆಯಲ್ಲಿ, ಬಾಗಿಲ ಹತ್ತಿರ ನಿಂತು. ಅಪ್ಪ ಹಳದಿ ಚಮಚ ಹಿಡಿದು ಹಾಸಿಗೆಯ ಮೇಲೆ ಬಗ್ಗಿದ್ದ. "ಒಂದೇ ಒಂದು ಗುಟುಕು, ಕೋರಾ," ಎಂದಿದ್ದ. ಅಮ್ಮ ಮೆಲ್ಲಗೆ ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಆಮೇಲೂ ಎಷ್ಟೋ ಹೊತ್ತು ಅಪ್ಪ ಚಮಚವನ್ನು ಹಾಗೇ ಎತ್ತಿ ಹಿಡಿದೇ ಇದ್ದ.

ಮಾರ್ನಿ ಬಾಯಿ ಮುಚ್ಚಿಕೊಂಡಳು.

ಒಂದು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಇಲಿಯನ್ನಿಟ್ಟು ಪೆಟ್ಟಿಗೆಯೊಳಗೆ ಸರಿಸಿದಳು. ಪೆಟ್ಟಿಗೆಯ ಚಿಲಕ ಭದ್ರವಾಗಿ ಹಾಕಿ, ಟವೆಲ್ ಹೊದಿಸಿ, ದೀಪ ಆರಿಸಿದಳು. "ಬಾ ಅಪ್ಪಾ," ಎಂದು ಅವನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಇಬ್ಬರೂ ಸೋಪು ಹಾಕಿ ಕೈ ತೊಳೆದರು.

ಅಪ್ಪ ಟೊಮೆಟೊ ಸೂಪ್ ಬಿಸಿಮಾಡಿದ. ಅವಳಿಗೆ ಬಡಿಸಿದ. ತನ್ನ ಬಟ್ಟಲನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತ. ಈಗೀಗ ದಿನವೂ ಹೀಗೆಯೇ. ಸೂಪಿನ ಮೇಲೆ ಕೆನೆ ಕಟ್ಟುತ್ತದೆ, ಆಮೇಲೆ ಅದು ಸಿಂಕಿಗೆ ಹೋಗುತ್ತದೆ.

"ಬರ್ನಿ ಹೇಳಿದ್ರಲ್ಲ," ಎಂದ ಅಪ್ಪ. "ಯಾರಾದ್ರೂ ನೋಡ್ತಿದ್ರೆ ಗಂಟಲಲ್ಲಿ ಇಳಿಯಲ್ಲ ಅಂತ."

"ಹ್ಞೂಂ."

"ನಾನು ಆಸ್ಪತ್ರೇಲಿ ಅವತ್ತೆಲ್ಲ ನಿಮ್ಮಮ್ಮನ ಮುಂದೇನೇ ಕೂತಿದ್ದೆ. ಕಣ್ಣು ಬಿಟ್ಕೊಂಡು. ಸ್ವಲ್ಪ ಹೊತ್ತು ಆಚೆ ಹೋಗಿದ್ರೆ ತಿಂತಿದ್ಲೇನೋ, ಅಲ್ವಾ?"

 ಹೌದು ಎಂದರೆ ಅಪ್ಪನಿಗೆ ಇನ್ನಷ್ಟು ನೋವು, ಇಲ್ಲ ಎನ್ನೋಣವೆಂದರೆ ಅದು ನಿಜವೋ ಸುಳ್ಳೋ ಮಾರ್ನಿಗೆ ಗೊತ್ತಿಲ್ಲ.

ಅವಳು ಅಪ್ಪನ ಬಟ್ಟಲನ್ನು ತುಸು ಅವನ ಹತ್ತಿರಕ್ಕೆ ಸರಿಸಿದಳು. ತನ್ನ ಬಟ್ಟಲು ಎತ್ತಿಕೊಂಡು, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, ಅಪ್ಪನಿಗೆ ಬೆನ್ನು ಮಾಡಿ ಕೂತಳು. ಹೊರಗೆ ಬೀದಿದೀಪದ ಕೆಳಗೆ ಹಿಮ ಬೀಳುತ್ತಿತ್ತು. ಅವಳು ಅದನ್ನೇ ನೋಡುತ್ತಾ ಇದ್ದಳು. ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ.

ಬಹಳ ಹೊತ್ತಿನ ಮೇಲೆ ಬಟ್ಟಲಿಗೆ ಚಮಚ ತಾಗಿದ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು ಸಲ. ನಡುವೆ ಅಪ್ಪ ಅಳುತ್ತಿದ್ದ ಸದ್ದೂ ಕೇಳಿಸಿತು. ಅವಳು ಆಗಲೂ ತಿರುಗಲಿಲ್ಲ.

ಬೆಳಿಗ್ಗೆ ಟವೆಲ್ ಸರಿಸಿದಾಗ ಮುಚ್ಚಳ ಖಾಲಿ ಇತ್ತು. ಟೋಸ್ಟ್‌ನ ನಡುಮೈ ದಪ್ಪಗಾಗಿತ್ತು.

"ತಿಂದಿದಾನೆ," ಎಂದ ಅಪ್ಪ, ಬಾಗಿಲ ಹತ್ತಿರದಿಂದಲೇ. "ಎರಡು ದಿನ ಮುಟ್ಬೇಡ ಅವನನ್ನ. ನಿಮ್ಮಮ್ಮ ಹಾಗೇ ಹೇಳ್ತಿದ್ಲು." ಹೊಸ ಇಕ್ಕಳವನ್ನು ತೊಳೆದು, ಒರೆಸಿ, ಬಿದಿರಿನ ಇಕ್ಕಳ ಇರುತ್ತಿದ್ದ ಮೊಳೆಗೆ ತೂಗುಹಾಕಿದ. ಮಿಸ್ ಬರ್ನಿಗೆ ಕೊಡುವ ಮಾತು ಮತ್ತೆ ಬರಲಿಲ್ಲ.

ಟೋಸ್ಟ್ ಅಷ್ಟು ದಿನ ಉಪವಾಸ ಇದ್ದದ್ದು ಅಮ್ಮ ಇಲ್ಲವೆಂದೋ, ಬರೀ ಚಳಿಗೋ? ಆ ದಿನ ತಿಂದದ್ದು ಟವೆಲಿನ ಕತ್ತಲೆಗೋ, ಹಸಿವಿಗೋ? ಮಿಸ್ ಬರ್ನಿಯವರನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ. ಅಪ್ಪ ಅಡುಗೆಮನೆಯಲ್ಲಿ ಕೇಳಿದ ಆ ಇನ್ನೊಂದು ಪ್ರಶ್ನೆಗೆ ಮಾರ್ನಿ ಇವತ್ತಿಗೂ ಉತ್ತರ ಹೇಳಿಲ್ಲ. ನನಗೂ ಅದು ಗೊತ್ತಿಲ್ಲ.