ಚಹಾಕ್ಕೆ ಹೋದ ಹಾಲಿನ ಪುಡಿ

"ರೋಗ ಇದ್ರೆ ಇದೆ ಅಂತ ಹೇಳ್ಬಿಡಿ ಅಕ್ಕೋರೆ. ಮುಚ್ಚಿಡೂದು ಬೇಡ."

ಮಂಜುಗಡ್ಡೆಯ ಡಬ್ಬಿಯಲ್ಲಿ ಸಿಗಡಿ ತಂದಿಟ್ಟು ಜಟ್ಟಿ ಆಡಿದ ಮೊದಲ ಮಾತು ಅದು. ಕುಮಟಾದ ಸಿಗಡಿ ಪರೀಕ್ಷೆಯ ಕೋಣೆಯಲ್ಲಿ ಒಬ್ಬಳೇ ಕೆಲಸ ಮಾಡುವ ಮಾಸ್ತಮ್ಮ ತಲೆಯೆತ್ತಿದಳು. ಮಾತು ಒರಟು, ಕಣ್ಣು ಮಾತ್ರ ಹೆದರಿದ್ದು.

ಕಾಗಾಲದ ಅವನ ಹೊಂಡದಲ್ಲಿ ಹಿಂದಿನ ವರ್ಷ ಬಿಳಿ ಚುಕ್ಕೆ ರೋಗ ಬಂದು ಸಿಗಡಿಯೆಲ್ಲ ಸತ್ತು ತೇಲಿದ್ದವು. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಈಗ ಹೊಂಡದ ದಂಡೆಯ ಗುಡಿಸಲೇ ಅವನ ಮನೆ.

ಆ ಮೊದಲ ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ. ಆದರೂ ಅವನು ವಾರವಾರವೂ ಬಂದ.

ಮಾಸ್ತಮ್ಮ ತೋರಿಸುತ್ತಿದ್ದಳು. ಪ್ಲಾಸ್ಟಿಕ್ ತಟ್ಟೆಯ ಸಣ್ಣ ಸಣ್ಣ ಗುಳಿಗಳ ತಳಕ್ಕೆ ರೋಗಾಣುವನ್ನು ಹಿಡಿಯುವ ಔಷಧ ಹಾಕಿ ರಾತ್ರಿಯಿಡೀ ಬಿಟ್ಟರೆ ಅಲ್ಲೇ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ತೊಳೆದು ಹಾಲಿನ ಪುಡಿಯ ನೀರು ಹಾಕಬೇಕು. ಖಾಲಿ ಉಳಿದ ಜಾಗವನ್ನು ಹಾಲು ತುಂಬುತ್ತದೆ. ಆಮೇಲೆ ಸಿಗಡಿಯ ರಸ ಹಾಕಿದರೆ, ರೋಗವಿದ್ದ ಗುಳಿ ನೀಲಿಯಾಗುತ್ತದೆ. ಹಾಲು ತುಂಬದಿದ್ದರೆ ಅಲ್ಲಿ ಕಂಡದ್ದೆಲ್ಲ ಅಂಟಿ, ರೋಗವಿಲ್ಲದಿದ್ದರೂ ನೀಲಿ ಬಣ್ಣ ಬರುತ್ತದೆ.

"ತಟ್ಟೆಗೂ ಹಾಲು ಕುಡ್ಸೂದಾ?" ಎಂದು ಜಟ್ಟಿ ನಕ್ಕಿದ್ದ.

ಅವನು ಹೋದ ಮೇಲೆ ಫ್ರಿಜ್ಜಿನ ಸದ್ದೊಂದೇ. ಮುರ್ಡೇಶ್ವರದ ತಮ್ಮಂದಿರಿಗೆ ಅವಳ ನೆನಪಾಗುವುದು ಹಬ್ಬಕ್ಕೆ ಮಾತ್ರ. ಇನ್ನೊಂದು ಗಳಿಗೆ ಕೂರಬಾರದಿತ್ತೇ... ಎಂದು ಅವನ ಚಹಾದ ಖಾಲಿ ಲೋಟವನ್ನು ನಿಧಾನವಾಗಿ ತೊಳೆಯುತ್ತಿದ್ದಳು.

ಒಂದು ವಾರ ಎಂದಿನಂತೆ ಸಿಗಡಿ ಕೊಟ್ಟು, ಚಹಾ ಕುಡಿದು ಹೋದ. ಮರುದಿನ ಬೆಳಿಗ್ಗೆ ನೋಡಿದರೆ ಹಾಲಿನ ಡಬ್ಬಿಯ ತಳ ಕಾಣುತ್ತಿತ್ತು! ಅಂಗಡಿ ತೆರೆದಿರಲಿಲ್ಲ. ಅವನು ಬರುವುದರೊಳಗೆ ಉತ್ತರ ಸಿಗಲೆಂದು ಉಳಿದದ್ದನ್ನೇ ಕೆರೆದು ತೆಳ್ಳಗೆ ಕಲಸಿದಳು.

ಮಧ್ಯಾಹ್ನ ಜಟ್ಟಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ ತಟ್ಟೆ ನೀಲಿಯಾಯಿತು. ಅವನು ಚಪ್ಪಲಿ ಮೆಟ್ಟಿ ಹೊರಟೇ ಹೋದ.

ಆಮೇಲೆ ಅವಳ ಕಣ್ಣು ಕೊನೆಯ ಗುಳಿಗೆ ಹೋಯಿತು. ಹೋಲಿಸಿ ನೋಡಲೆಂದು ಬರೀ ನೀರು ಹಾಕಿದ್ದ ಗುಳಿ. ಅದೂ ನೀಲಿ.

ನೀರಿಗೆಲ್ಲಿಯ ರೋಗ?

ಪಕ್ಕದ ಹೊಂಡಗಳಿಗೆ ರೋಗ ಹರಡದಿರಲೆಂದು ಅವನೀಗ ತನ್ನ ಹೊಂಡಕ್ಕೆ ಬ್ಲೀಚಿಂಗ್ ಪುಡಿ ಸುರಿದೇಬಿಡುತ್ತಾನೆ. ಸುರಿದರೆ ಒಂದು ಸಿಗಡಿಯೂ ಉಳಿಯುವುದಿಲ್ಲ. ಗುಡಿಸಲಲ್ಲಿ ಫೋನಿಲ್ಲ. ಅವಳು ರಿಕ್ಷಾ ಹತ್ತಿದಳು.

ಹೊಂಡದ ದಂಡೆಯಲ್ಲಿ ಜಟ್ಟಿ ಬ್ಲೀಚಿಂಗ್ ಪುಡಿಯ ಚೀಲದ ಬಾಯಿ ಬಿಚ್ಚಿದ್ದ.

"ನಿಲ್ಸಿ... ಪರೀಕ್ಷೆನೇ ತಪ್ಪಾಗಿದೆ. ರೋಗ ಇದ್ಯೋ ಇಲ್ವೋ ನಂಗೂ ಗೊತ್ತಿಲ್ಲ. ನಾಳೆವರೆಗೆ ತಡೀರಿ."

"ಎಂತಾತು?"

"ತಟ್ಟೆಗೆ ಹಾಲು ಸಾಲ್ಲಿಲ್ಲ."

"ಡಬ್ಬಿ ತುಂಬ ಇತ್ತಲ್ಲ?"

ಅವಳು ಹೊಂಡದ ನೀರು ನೋಡುತ್ತ ಹೇಳಿದಳು. "ನಿಮ್ಮ ಚಾಕ್ಕೆ ಹಾಕ್ದೆ. ವಾರವಾರವೂ. ನೀವು ಇನ್ನೊಂದು ಗಳಿಗೆ ಕೂರ್ಲಿ ಅಂತ..."

ಜಟ್ಟಿ ಚೀಲದ ಬಾಯಿ ಕಟ್ಟಿ ಅದರ ಮೇಲೇ ಕುಳಿತ.

"ನಂಗೆ ಹಾಲಿನ ಚಾ ಆಗೂದೇ ಇಲ್ಲ, ಮಾಸ್ತಮ್ಮ. ಹೊಟ್ಟೆ ಕೆಡ್ತದೆ."

ಈ ಸಲ ಅವನು ಅಕ್ಕೋರೆ ಅನ್ನಲಿಲ್ಲ. ಅವಳು ಅವನ ಕಡೆ ತಿರುಗಿದಳು.

"ಮತ್ತೆ ಇಷ್ಟು ದಿನ ಎಂತಕ್ಕೆ ಕುಡುದ್ರಿ?"

"ಕುಡುದ್ರೆ ಅಷ್ಟೊತ್ತು ಕೂರೂಕೆ ಆಗ್ತಿತ್ತು."

ಮರುದಿನ ಜಟ್ಟಿ ಹೊಸ ಹಾಲಿನ ಡಬ್ಬಿಯೊಂದಿಗೆ ಬಂದ. ಹೊಸ ತಟ್ಟೆಯಲ್ಲಿ ನೀರಿನ ಗುಳಿ ತಿಳಿಯಾಗಿಯೇ ಉಳಿಯಿತು. ಅವನ ಸಿಗಡಿಯ ಗುಳಿಯೂ.

ಮಾಸ್ತಮ್ಮ ಎರಡು ಲೋಟ ಕಪ್ಪು ಚಹಾ ತಂದಳು.

"ರೋಗ ಇಲ್ಲ. ಇನ್ನು ಎಂತ ನೆವ ಹೇಳಿ ಬತ್ರಿ?"

"ನೆವ ಸಾಕಾತು," ಎಂದ ಜಟ್ಟಿ. "ಇನ್ನು ಬರೂದಲ್ಲ. ಕರ್ಕಂಡು ಹೋಗೂದು."