ಬಾನೆಟ್ ಎತ್ತಿದ ಮೇಲೆ

ನಾನು ಚಳ್ಳಕೆರೆ ರಸ್ತೇಲಿ ಇಪ್ಪತ್ತಾರು ವರ್ಷದಿಂದ ಕಾರು ರಿಪೇರಿ ಮಾಡ್ತಿರೋನು. ದೆವ್ವ ಗಿವ್ವ ನಂಬೋನಲ್ಲ. ಆದರೆ ಹೋದ ಏಪ್ರಿಲ್‌ನ ಒಂದು ಮಧ್ಯಾಹ್ನ ಆದದ್ದು ಇಷ್ಟು.

ನಾಯಕನಹಟ್ಟಿಯ ವೀರೇಶ್ ಆಗಷ್ಟೇ ಕೊಂಡ ಹಳೇ ಕಾರು ತಂದಿದ್ದ, ಇಂಜಿನ್ ತಡವರಿಸಿ ಮಿಸ್ಸಿಂಗ್ ಹೊಡೀತಿತ್ತು. ಬೆಳಗಿಂದ ಅದು ನಾಲ್ಕನೇ ಗಾಡಿ, ನನ್ನ ಸೊಂಟ ಬಿದ್ದುಹೋಗಿತ್ತು. ಅವನನ್ನ ಡ್ರೈವರ್ ಸೀಟಲ್ಲಿ ಕೂರಿಸಿ ಬಾನೆಟ್ ಎತ್ತಿದೆ. ಬಾನೆಟ್ ಎತ್ತಿದರೆ ಒಳಗೆ ಕೂತೋರು ಕಾಣಲ್ಲ, ಕೂಗಿಯೇ ಕೆಲಸ. ಇಂಜಿನ್ ಓಡ್ತಿರುವಾಗಲೇ ಪ್ಲಗ್ ವೈರು ಒಂದೊಂದೇ ಕಿತ್ತು ನೋಡಿದೆ; ಒಳ್ಳೇ ಪ್ಲಗ್ಗಿಂದು ಕಿತ್ತರೆ ಸದ್ದು ಕುಸೀಬೇಕು. ಮೂರನೇದು ಕಿತ್ತಾಗ ಇಂಜಿನ್ ಸದ್ದು ಬದಲಾಗಲೇ ಇಲ್ಲ. ಸತ್ತಿರೋದು ಅದೇ ಅಂತ ಗಾಡಿ ಆಫ್ ಮಾಡಿಸಿ, ಹೊಸ ಪ್ಲಗ್ ಹಾಕಿದೆ.

“ಸ್ಟಾರ್ಟ್ ಮಾಡಪ್ಪ” ಅಂದೆ. ಸ್ಟಾರ್ಟ್ ಆಯ್ತು. “ರೇಸ್ ಕೊಡು” ಅಂದೆ. ಇಂಜಿನ್ ಒಂದೇ ಸಮ ಏರಿತು. ಆದರೆ ಅದರಿಂದ ಬೀಸೋ ಗಾಳಿ ಮಾತ್ರ, ಆ ಬಿಸಿಲಲ್ಲೂ, ತಣ್ಣಗಿತ್ತು. “ಸಾಕು, ಆಫ್ ಮಾಡು.” ನಿಂತಿತು.

ತಲೆ ಎತ್ತಿದರೆ ವೀರೇಶ್ ರಸ್ತೆ ಆಚೆಯಿಂದ ಎರಡು ಲೋಟ ಚಾ ಹಿಡಿದು ಬರ್ತಿದ್ದ.

“ಪ್ಲಗ್ ಬಿಚ್ಚೋಕೆ ಹೊತ್ತಾಗ್ತೈತೆ ಅಂತ ಹೋಗಿದ್ದೆ ಯರ್ರಣ್ಣ” ಅಂದು ಲೋಟ ನನ್ನ ಕೈಗಿಟ್ಟು ಜೇಬಿಂದ ಕೀ ತೆಗೆದ. “ಈಗ ಸ್ಟಾರ್ಟ್ ಮಾಡ್ಲಾ?”

ಅವನು ಒಳಗೆ ಕೂತು ಕಾಲು ಚಾಚಿದ, ಪೆಡಲ್ ಸಿಗಲಿಲ್ಲ.

“ಸೀಟು ಯಾಕಣ್ಣ ಇಷ್ಟು ಹಿಂದಕ್ಕೆ ತಳ್ಳೀರಿ?”